ನೀಲಿ ಹಗ್ಗದ ಶಾಮಿಯಾನ

ಗುಬ್ಬಿ
20 ಜೂನ್ 2025

ಟೀಚರಮ್ಮನವರಿಗೆ,

ನೀನು ಇಂಗ್ಲೆಂಡಿಗೆ ಹೋದದ್ದಕ್ಕೆ ಒಟ್ಟು ಎಷ್ಟು ಬಿತ್ತು ಅಂತ ಇವತ್ತು ಕೂತು ಲೆಕ್ಕ ಹಾಕಿದೆ. ವೀಸಾ, ಅದರ ಜೊತೆ ಮುಂಗಡ ಕಟ್ಟೋ ಅಲ್ಲಿನ ಆಸ್ಪತ್ರೆ ಫೀಸು, ಟಿಕೆಟ್ಟು ಸೇರಿ ಐದು ಲಕ್ಷದ ನಲವತ್ತು ಸಾವಿರ. ಸ್ವೆಟರು ನಾಲ್ಕು. ಕುಣಿಗಲ್ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಮಾಡಿದ ಕೆಲಸ ಒಂದು. ನನ್ನ ಮೈಯಿಂದ ಆರು ಕೆಜಿ. ನಾನು ಮಾಡಿದ ಸಾರು ಉಂಡು ಅಮ್ಮ ಬೈದ ಬೈಗುಳ, ಅದನ್ನ ಎಣಿಸೋಕೆ ಹೋಗಿಲ್ಲ. ಎದುರು ಕಾಲಮಿನಲ್ಲಿ ಒಂದೇ ಸಾಲು ಬರೆದೆ: ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದ ಶಾಮಿಯಾನ ಅಡವಿಯಪ್ಪನ ಹೆಂಡತಿ ಇಂಗ್ಲಿಷರ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತಾಳೆ. ಲಾಭವೋ ನಷ್ಟವೋ ನೋಡಿದವರು ಹೇಳಲಿ. ನಾನಂತೂ ಅಂಗಡಿ ಬಾಗಿಲಲ್ಲಿ ಎದೆ ಮುಂದೆ ಮಾಡ್ಕೊಂಡೇ ಕೂತಿರ್ತೀನಿ.

ಫೋನಿದ್ದೂ ಕಾಗದ ಯಾಕೆ ಅಂತೀಯ. ಫೋನ್ ಎತ್ತಿದರೆ ಅಮ್ಮ ಸ್ಪೀಕರ್ ಹಾಕು ಅಂತಾಳೆ, ಪಕ್ಕದ ಮನೆ ಶಿವರುದ್ರಮ್ಮ ಕಾಫಿ ಲೋಟ ಹಿಡ್ಕೊಂಡು ಬಂದು ಕೂರ್ತಾಳೆ. ಗಂಡ ಹೆಂಡತಿ ಮಾತು ಗ್ರಾಮಸಭೆ ಆಗುತ್ತೆ. ಅದಕ್ಕೆ ಬಿಲ್ ಪುಸ್ತಕದ ಹಿಂದೆ ಬರೆದು, ಫೋಟೋ ಹೊಡೆದು ಕಳಿಸ್ತಿದೀನಿ. ನೀನೂ ಹಾಗೇ ಮಾಡು.

ಟೀವೀಲಿ ನೋಡಿದೆ, ನಿಮ್ಮಲ್ಲಿ ಬಿಸಿಲಂತೆ. ಮೂವತ್ತೆರಡು ಡಿಗ್ರಿಗೆ ಜನ ರಸ್ತೇಲಿ ಬಿದ್ದಂಗೆ ತೋರಿಸ್ತಾವ್ರೆ. ಮೂವತ್ತೆರಡಕ್ಕೆ ನಮ್ಮ ಅಂಗಡಿ ಆಳು ಪುಟ್ಟರಂಗಯ್ಯ ಮಫ್ಲರ್ ಹುಡುಕ್ತಾನೆ. ಆ ಮಕ್ಕಳಿಗೆ ಒಂದು ಏಪ್ರಿಲ್ ತಿಂಗಳು ಗುಬ್ಬಿ ತೋರಿಸು ಅನ್ನು.

ಇಂತಿ,
ಅಡವಿಯಪ್ಪ


ಕೆಂಟ್, ಇಂಗ್ಲೆಂಡ್
23 ಜೂನ್ 2025

ಏನ್ರೀ,

ನಿಮ್ಮ ಮೂವತ್ತೆರಡೇ ಬೇರೆ, ಇಲ್ಲಿಯ ಮೂವತ್ತೆರಡೇ ಬೇರೆ. ಇಲ್ಲಿ ಕಟ್ಟಡಗಳನ್ನ ಚಳಿಗೆ ಅಂತ ಕಟ್ಟಿರೋದು. ಹಾಟ್‌ಬಾಕ್ಸಲ್ಲಿ ಚಪಾತಿ ಇಟ್ಟ ಹಾಗೆ ಒಳಗೆ ಬಂದ ಶಾಖ ಹೊರಗೆ ಹೋಗಲ್ಲ. ನನ್ನ ಕ್ಲಾಸು ಎರಡನೇ ಮಹಡಿ, ಪಶ್ಚಿಮಕ್ಕೆ ಪೂರ್ತಿ ಗಾಜು. ಮಕ್ಕಳು ಬೀಳಬಾರದು ಅಂತ ಕಿಟಕಿ ಒಂದು ಗೇಣು ಮಾತ್ರ ತೆಗೆಯುತ್ತೆ. ಫ್ಯಾನು ಅನ್ನೋ ಸಾಮಾನೇ ಇಲ್ಲ. ಮಕ್ಕಳು ಕೋಟು ಬಿಚ್ಚಬೇಕಾದರೆ ಹೆಡ್‌ಮಿಸ್ಟ್ರೆಸ್ ಆರ್ಡರ್ ಬರಬೇಕು. ಇವತ್ತು ಆರ್ಡರ್ ಬರೋದರೊಳಗೆ ಮೇಸಿ ಅನ್ನೋ ಹುಡುಗಿ ಸ್ಟೂಲಿನಿಂದ ಜಾರಿ ಬಿದ್ದಳು. ಕಾರಿಡಾರಲ್ಲಿ ಮಲಗಿಸಿ, ನೆತ್ತಿಗೆ ನೀರು ತಟ್ಟಿ, ಕರ್ಚೀಫಲ್ಲಿ ಗಾಳಿ ಹಾಕಿದೆ. ಉಳಿದ ಮಕ್ಕಳು ನಾನೇನೋ ಮಂತ್ರ ಹಾಕ್ತಿದೀನಿ ಅನ್ನೋ ಹಾಗೆ ನೋಡಿದವು.

ನಾನು ಚೆನ್ನಾಗಿದೀನಿ. ಕೆಲಸದ್ದು ಒಂದು ಲೆಟರ್ ಬಂದಿದೆ, ಅದನ್ನ ಆಮೇಲೆ ಹೇಳ್ತೀನಿ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಶಾಮಿಯಾನದ ಕೆಳಗೆ ಅಷ್ಟು ಜನ ಊಟಕ್ಕೆ ಕೂತರೂ ಧಗೆ ಅನ್ನಿಸಲ್ಲವಲ್ಲ, ಅದು ಹೇಗೆ? ಸುಮ್ಮನೆ ಕೇಳಿದೆ.

ನಿಮ್ಮ,
ಶಶಿಕಲಾ


ಗುಬ್ಬಿ
25 ಜೂನ್ 2025

ಟೀಚರಮ್ಮ,

ಲೆಟರ್ ಬಂತು ಅಂದ್ಯಲ್ಲ, ಅಷ್ಟು ಸಾಕು. ಅರ್ಥ ಆಯ್ತು. ಆಗಬೇಕಾದ್ದು ಆಗಿದೆ. ಅಮ್ಮನ ಬಾಯಿಗೆ ಸಕ್ಕರೆ ಹಾಕಿದೆ.

ಇನ್ನು ನಿನ್ನ "ಸುಮ್ಮನೆ ಕೇಳಿದೆ." ಮದುವೆಯಾಗಿ ಹತ್ತೊಂಬತ್ತು ವರ್ಷ. ಕುಣಿಗಲ್ ಸ್ಟಾಫ್‌ರೂಮಿನಲ್ಲಿ "ನಮ್ಮೆಜಮಾನ್ರು ಬಿಸಿನೆಸ್ಸು" ಅಂತಿದ್ದೆಯೇ ಹೊರತು ಯಾವ ಬಿಸಿನೆಸ್ಸು ಅಂತ ಒಂದು ದಿನ ಬಾಯಿ ಬಿಟ್ಟವಳಲ್ಲ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆಯಾ? ಇರ್ಲಿ ಬುಡು. ಈಗ ಕೇಳಿದೀಯ, ಬರ್ಕೋ.

ಒಂದು, ಬಟ್ಟೆ ಎರಡು ಪದರ. ಮಧ್ಯೆ ಒಂದು ಗೇಣು ಖಾಲಿ ಬಿಡು. ಮೇಲಿನದು ಬಿಸಿಲು ತಿನ್ನುತ್ತೆ, ಕೆಳಗಿನದು ತಣ್ಣಗಿರುತ್ತೆ. ಒಂದೇ ಪದರ ಕಟ್ಟಿ ಕಾಸು ಉಳಿಸೋರು ತುಮಕೂರಿನಲ್ಲಿ ಬಹಳ ಜನ ಅವ್ರೆ, ಅವರ ಚಪ್ಪರದ ಕೆಳಗೆ ಕೂತವರು ಪಾಯಸ ಬಿಟ್ಟು ಎದ್ದು ಹೋಗ್ತಾರೆ. ಎರಡು, ಗಾಳಿ ಬರೋ ಕಡೆ ತಗ್ಗು, ಹೋಗೋ ಕಡೆ ಎತ್ತರ. ಬಿಸಿ ಗಾಳಿಗೆ ಹೋಗೋ ದಾರಿ ಬಿಡಬೇಕು, ಅದಕ್ಕೂ ಮರ್ಯಾದೆ ಇದೆ. ಮೂರು, ಪಶ್ಚಿಮಕ್ಕೆ ಒಂದು ಪರದೆ ಇಳಿಬಿಡು. ನಾಲ್ಕು, ಬಿಸಿಲು ಜಾಸ್ತಿ ಆದರೆ ಬಟ್ಟೆ ಮೇಲೆ ನೀರು ಚಿಮುಕಿಸು. ಗಂಟು ನಮ್ಮದೇ: ಕಂಬಕ್ಕೆ ಎರಡು ಸುತ್ತು, ಒಂದು ಕುಣಿಕೆ, ತುದಿ ಒಳಗೆ ತೂರಿಸು. ಕಟ್ಟೋಕೆ ಅರ್ಧ ನಿಮಿಷ, ಬಿಚ್ಚೋಕೆ ಒಂದು ಎಳೆತ. ಇದೇ ಗಂಟಲ್ಲಿ ದೇವರಾಯನದುರ್ಗದ ಬೆಟ್ಟದ ಮೇಲೆ ಆ ಗಾಳೀಲಿ ಕಟ್ಟಿದೀನಿ. ಇಪ್ಪತ್ತಾರು ವರ್ಷದಲ್ಲಿ ಒಂದು ಕಂಬ ಅಲುಗಿಲ್ಲ.

ಗಂಟಿನ ಚಿತ್ರ ಬರೆದು ಇಟ್ಟಿದೀನಿ. ಬರೆದ ಕೈ ನಂದು, ಚಿತ್ರದಲ್ಲಿ ಹಗ್ಗ ಹಿಡಿದ ಬೆರಳು ಪುಟ್ಟರಂಗಯ್ಯಂದು.

ನಾಳೆಯಿಂದ ಆಷಾಢ. ಮದುವೆ ಇಲ್ಲ, ಮುಂಜಿ ಇಲ್ಲ. ಎಷ್ಟು ಬೇಕಾದರೂ ಕೇಳು.

ಅಡವಿಯಪ್ಪ


ಕೆಂಟ್
28 ಜೂನ್ 2025

ರೀ,

ಕಟ್ಟಿದೆ ಕಣ್ರೀ!

ನಿನ್ನೆ ಬೆಳಿಗ್ಗೆ. ಮೈದಾನದಲ್ಲಿ ಪಾಠ ಮಾಡಲಾ ಅಂತ ಹೆಡ್‌ಮಿಸ್ಟ್ರೆಸ್ ಅವರನ್ನ ಕೇಳಿದೆ, ಮಾಡಿ ಅಂದರು. ಏನು ಕಟ್ತೀನಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಾಲೆಯ ರಿಪೇರಿ ಕೆಲಸ ನೋಡೋ ಕೀತ್ ಅಂತ ಒಬ್ಬರಿದ್ದಾರೆ, ನಿಮ್ಮ ವಯಸ್ಸು, ನಿಮ್ಮಷ್ಟೇ ಮಾತು. ಕ್ರಿಕೆಟ್ ಬಲೆಯ ಹಳೇ ಕಂಬ ಆರು ಕೊಟ್ಟರು. ಪೇಂಟ್ ಮಾಡುವಾಗ ನೆಲಕ್ಕೆ ಹಾಸೋ ದೊಡ್ಡ ಕಾಟನ್ ಬಟ್ಟೆ ಕೊಟ್ಟರು. ಹಗ್ಗ ಅವರ ವ್ಯಾನಿನಲ್ಲೇ ಇತ್ತು. ನಾನು ಪಂಚೆ ಉಟ್ಟಿರಲಿಲ್ಲ ಅನ್ನೋದೊಂದು ಬಿಟ್ಟರೆ ಏಣಿ ಮೇಲೆ ನಾನು ಥೇಟ್ ನಿಮ್ಮ ಹಾಗೇ ಕಿರುಚಾಡ್ತಿದ್ದೆ. ಕೊತ್ತಗೆರೆಯ ನಮ್ಮ ಚಿಕ್ಕಮ್ಮನ ಮಗಳ ಮದುವೇಲಿ ನಿಮ್ಮನ್ನ ಮೊದಲ ಸಲ ನೋಡಿದಾಗ ನೀವು ಏಣಿ ಮೇಲಿದ್ದಿರಿ, "ಎಳೀರ್ಲಾ, ಊಟ ಮಾಡಿಲ್ವಾ" ಅಂತ ಕೂಗ್ತಿದ್ದಿರಿ. ಇಂಗ್ಲಿಷಲ್ಲಿ ಅದಕ್ಕೆ ಸರಿಯಾದ ಮಾತು ಸಿಗಲಿಲ್ಲ, ಕನ್ನಡದಲ್ಲೇ ಕೂಗಿದೆ. ಮಕ್ಕಳು ಎಳೆದರು.

ನಿನ್ನೆ ಮಧ್ಯಾಹ್ನ ಮಕ್ಕಳ ಕೈಲೇ ಅಳತೆ ಮಾಡಿಸಿದೆ. ನನ್ನ ಕ್ಲಾಸಿನಲ್ಲಿ ಮೂವತ್ತೇಳು. ನಿಮ್ಮ ಶಾಮಿಯಾನದ ಕೆಳಗೆ, ನೀರು ಚಿಮುಕಿಸಿದ ಮೇಲೆ, ಮೂವತ್ತು. ಮೇಸಿ ಅರ್ಧ ಗಂಟೆಗೊಮ್ಮೆ ನೋಟ್‌ಬುಕ್ಕಲ್ಲಿ ಬರೀತಾಳೆ. ಅವಳು ನಿಮಗಿಂತ ದೊಡ್ಡ ಲೆಕ್ಕದವಳು, ದಶಾಂಶ ಬಿಡಲ್ಲ.

ಸೋಮವಾರ ಇನ್ನೂ ಬಿಸಿಲಂತೆ. ಎರಡು ಕ್ಲಾಸಿನ ಮಕ್ಕಳನ್ನ ಕೂರಿಸ್ತೀನಿ, ಅರವತ್ತು ಜನ. ಫೋಟೋ ನೋಡಿ.

ನಿಮ್ಮ ಶಶಿ


ಗುಬ್ಬಿ
30 ಜೂನ್ 2025, ಸಂಜೆ ನಾಲ್ಕು ಗಂಟೆ

ಶಶೀ,

ಫೋನ್ ಮೂರು ಸಲ ಮಾಡಿದೆ, ಸ್ವಿಚ್ ಆಫ್. ನೋಡಿದ ತಕ್ಷಣ ಮಕ್ಕಳನ್ನ ಹೊರಗೆ ಕಳಿಸು. ಆಮೇಲೆ ಮಿಕ್ಕಿದ್ದು ಓದು.

ಎರಡು ದಿನದಿಂದ ನಿನ್ನ ಫೋಟೋನ ಗುಬ್ಬಿಗೆಲ್ಲ ತೋರಿಸಿದೀನಿ. ಬಟ್ಟೆ ತೋರಿಸಿದೆ, ಇಳಿಜಾರು ತೋರಿಸಿದೆ, ಕೆಳಗೆ ಕೂತ ಬಿಳೀ ಮಕ್ಕಳನ್ನ ತೋರಿಸಿದೆ. ಈಗ ಪುಟ್ಟರಂಗಯ್ಯ ಕನ್ನಡಕ ಹಾಕ್ಕೊಂಡು, "ಅಣ್ಣೋ, ಹಗ್ಗ ನೀಲಿ ಐತಲ್ಲಣ್ಣಾ" ಅಂದ.

ಅದು ಪ್ಲಾಸ್ಟಿಕ್ ಹಗ್ಗ. ನಮ್ಮ ಗಂಟು ತೆಂಗಿನ ನಾರಿನ ಹಗ್ಗಕ್ಕೆ. ನಾರು ನೆನೆದರೆ ಉಬ್ಬಿ ಬಿಗಿ ಆಗುತ್ತೆ. ಪ್ಲಾಸ್ಟಿಕ್ ನೆನೆದರೆ ಜಾರುತ್ತೆ. ಊರಲ್ಲೆಲ್ಲ ತೆಂಗು ಇರೋ ನನಗೆ, ತೆಂಗೇ ಇಲ್ಲದ ಊರು ಇರುತ್ತೆ ಅಂತ ಹೊಳೀಲಿಲ್ಲ. ನೀರು ಹಾಕಬೇಡ. ಬಿಚ್ಚು.

ಅಡವಿಯಪ್ಪ


ಗುಬ್ಬಿ
3 ಜುಲೈ 2025

ಶಶಿಕಲಾ,

ಮೂರು ದಿನಕ್ಕೆ ನಿನ್ನಿಂದ ಬಂದದ್ದು ಒಂದು ಸಾಲು: "ಬ್ಯುಸಿ ಇದೀನಿ, ಎಲ್ಲಾ ಸರಿ." ಮದುವೆ ಮನೇಲಿ ಅನ್ನ ಸಾಲದೆ ಹೋದಾಗ ಅಡುಗೆಯವನು ಹೇಳೋದೂ ಇದೇ, "ಎಲ್ಲಾ ಸರಿ."

ನಿನಗೆ ನಾಚಿಕೆ ಆಗಿರಬೇಕು. ಗಂಡನ ಮಾತು ಕೇಳಿ ಬಟ್ಟೆ ಕಟ್ಟಿದೆ, ಆ ದೊಡ್ಡ ಜನ ನಕ್ಕರು, ಅಷ್ಟೇ ತಾನೆ? ನಗಲಿ. ಮಕ್ಕಳಿಗೆ ಏನೂ ಆಗಿಲ್ಲ ಅಂತ ಒಂದು ಮಾತು ಬರೆದರೆ ಸಾಕು.

ನಾನೂ ಒಂದು ವಿಷಯ ಮುಚ್ಚಿಟ್ಟಿದೀನಿ, ಹೇಳಿಬಿಡ್ತೀನಿ. ಬಸ್‌ಸ್ಟ್ಯಾಂಡ್ ಎದುರು ನಿಂದೊಂದು ಫ್ಲೆಕ್ಸ್ ಹಾಕ್ಸಿದೀನಿ. ಎಂಟಡಿ, ಹನ್ನೆರಡಡಿ. "ಇಂಗ್ಲೆಂಡ್ ಶಾಲೆಯಲ್ಲಿ ಖಾಯಂ ಶಿಕ್ಷಕಿಯಾಗಿ ನೇಮಕಗೊಂಡ ಗುಬ್ಬಿಯ ಹೆಮ್ಮೆಯ ಸೊಸೆ." ಲೆಟರ್ ಬಂತು ಅಂದಿದ್ದೆಯಲ್ಲ. ಬೈಯೋದಾದರೆ ಬೈಯಿ, ಆದರೆ ಬರೆದು ಬೈಯಿ.

ಅಡವಿಯಪ್ಪ


ಕೆಂಟ್
6 ಜುಲೈ 2025

ರೀ,

ಮಕ್ಕಳಿಗೆ ಏನೂ ಆಗಿಲ್ಲ. ಅದು ಮೊದಲು.

ಸೋಮವಾರ ಬಿತ್ತು. ನೀವು ಬರೆದ ನಲವತ್ತು ನಿಮಿಷಕ್ಕೆ, ಇಲ್ಲಿ ಆಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಶಾಲೆಯಲ್ಲಿ ಫೋನ್ ಲಾಕರಿನಲ್ಲಿ ಇಡಬೇಕು, ನಾನು ನೋಡಿದ್ದು ಸಂಜೆ. ಮಕ್ಕಳು ಊಟಕ್ಕೆ ಹೋಗಿದ್ದರು. ಕೆಳಗೆ ನಿಂತಿದ್ದವರು ಒಬ್ಬರೇ, ನಮ್ಮ ಡೆಪ್ಯುಟಿ ಹೆಡ್ ಕಾಲಿನ್ಸ್. ಇದಕ್ಕೆ ಯಾರ ಅನುಮತಿ ಅಂತ ಫಾರಂ ಹಿಡಿದುಕೊಂಡು ಬಂದಿದ್ದರು. ಗಂಟು ಜಾರಿ ಕಂಬ ಅವರ ಭುಜದ ಮೇಲೆ ಬಿತ್ತು. ಮೂಳೆ ಮುರಿದಿಲ್ಲ, ಆದರೆ ಕೈ ಜೋಲಿಯಲ್ಲಿದೆ.

ಆ ಲೆಟರಿನ ವಿಷಯಾನೂ ಹೇಳ್ತೀನಿ. ನನ್ನ ಕೆಲಸ ಖಾಯಂ ಆಗಿಲ್ಲ ರೀ. ಖಾಯಂ ಮಾಡಬೇಕೋ ಬೇಡವೋ ಅಂತ ಜುಲೈ ಹನ್ನೊಂದಕ್ಕೆ ಮೀಟಿಂಗ್ ಇದೆ ಅಂತ ಬಂದ ಲೆಟರ್ ಅದು. ಬೇಡ ಅಂದರೆ ವೀಸಾ ಹೋಗುತ್ತೆ, ಎರಡು ತಿಂಗಳಲ್ಲಿ ವಾಪಸ್ಸು. ಮೀಟಿಂಗಲ್ಲಿ ಕೂರೋ ಇಬ್ಬರಲ್ಲಿ ಕಾಲಿನ್ಸ್ ಒಬ್ಬರು. ನಿಮಗೆ ಚಿಂತೆ ಬೇಡ ಅಂತ ಹೇಳಿರಲಿಲ್ಲ. ನೀವು ಅದಕ್ಕೆ ಹನ್ನೆರಡಡಿ ಫ್ಲೆಕ್ಸ್ ಹಾಕ್ಸಿದೀರ.

ಹೇಗಾಯ್ತು ಅಂತ ಬರೆದುಕೊಡಿ ಅಂದರು. ಗಂಟು ನಾನೇ ಹಾಕಿದ್ದು, ತಪ್ಪು ನನ್ನದೇ ಅಂತ ಬರೆದುಕೊಟ್ಟೆ. ನಿಮ್ಮ ಹೆಸರು ಎತ್ತಿಲ್ಲ. ಇಪ್ಪತ್ತಾರು ವರ್ಷದ ಹೆಸರಿಗೆ ಇದೊಂದು ಯಾಕೆ.

ಶಶಿ


ಗುಬ್ಬಿ
7 ಜುಲೈ 2025

ಟೀಚರಮ್ಮನವರೇ,

ಫ್ಲೆಕ್ಸಿನಲ್ಲಿ "ಖಾಯಂ" ಅನ್ನೋದರ ಮೇಲೆ ಬಿಳೀ ಪೇಪರ್ ಅಂಟಿಸಿದೀನಿ. "ಏನಪ್ಪಾ ಅಡವಿಯಪ್ಪ, ಹೆಂಡ್ತಿ ಅರ್ಧಕ್ಕರ್ಧ ಆದ್ಲಾ?" ಅಂತ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಕೇಳಿದ. "ಹರಾಜು ಇನ್ನೂ ಮುಗಿದಿಲ್ಲ, ಬೆಲೆ ಕೂಗ್ತಾನೇ ಅವ್ರೆ" ಅಂದೆ.

ಅದು ಹಾಗಿರಲಿ. ನನ್ನ ಹೆಸರು ಯಾಕೆ ಎತ್ತಲಿಲ್ಲ? ಹತ್ತೊಂಬತ್ತು ವರ್ಷ ನಾಚಿಕೆಗೆ ಮುಚ್ಚಿಟ್ಟೆ, ಈಗ ಪ್ರೀತಿಗೆ ಮುಚ್ಚಿಡ್ತೀಯಾ? ಎರಡೂ ಒಂದೇ, ಎರಡರಲ್ಲೂ ನಾನಿಲ್ಲ. ನನ್ನ ಚಪ್ಪರ ಬಿದ್ದರೆ ನಾನು ಹೊರಬೇಕು. ಇನ್ನೊಬ್ಬರ ಹೆಗಲಿಗೆ ಹಾಕಿದವನಲ್ಲ ನಾನು.

ನಿನ್ನೆ ರಾತ್ರಿ ನಿನ್ನ ಕಾಗದ ಓದಿದೆ, ಬೆಳಿಗ್ಗೆ ಎದ್ದು ಗೋಡೌನಿನಲ್ಲಿ ಪರೀಕ್ಷೆ ಇಟ್ಟೆ. ಎರಡು ಕಂಬ. ಒಂದಕ್ಕೆ ನಾರಿನ ಹಗ್ಗ, ಒಂದಕ್ಕೆ ನೀಲಿ ಹಗ್ಗ, ಒಂದೇ ಗಂಟು. ಎರಡಕ್ಕೂ ನಲವತ್ತು ಕೆಜಿ ಮರಳಿನ ಮೂಟೆ ತೂಗು ಹಾಕಿ ನೀರು ಹೊಯ್ದೆ. ಪುಟ್ಟರಂಗಯ್ಯ ಗಡಿಯಾರ ಹಿಡಿದ. ನೀಲಿ ಹಗ್ಗ ಹನ್ನೊಂದು ನಿಮಿಷಕ್ಕೆ ಬಿಟ್ಟಿತು. ನಾರು ಈಗ ಸಂಜೆಯಾದರೂ ಹಿಡಿದಿದೆ. ಆಮೇಲೆ ನೀಲಿಗೇ ನಾಲ್ಕು ಸುತ್ತು, ಎರಡು ಬೀಗದ ಗಂಟು ಹಾಕಿದೆ, ಅದೂ ಹಿಡಿದಿದೆ. ಕೆಳಗಿನದನ್ನ ಇಂಗ್ಲಿಷ್ ಮಾಡಿ ಮೀಟಿಂಗಿನಲ್ಲಿ ಓದು. ಒಂದು ಪದ ಬಿಡಬೇಡ, ಒಂದು ಪದ ಸೇರಿಸಬೇಡ.

"ಗುಬ್ಬಿಯ ಶಾಮಿಯಾನ ಅಡವಿಯಪ್ಪ ಬರೆದುಕೊಟ್ಟ ಹೇಳಿಕೆ. ನಿಮ್ಮ ಮೈದಾನದಲ್ಲಿ ಜಾರಿದ್ದು ನನ್ನ ಗಂಟು. ನನ್ನ ಹೆಂಡತಿ ಹೇಳಿದ ಹಾಗೆ ಕಟ್ಟಿದ್ದಾಳೆ, ನಾನು ಹೇಳಿದ್ದು ಅರ್ಧ. ಯಾವ ಹಗ್ಗ ಅಂತ ಮೊದಲು ಕೇಳುವುದು ಕಟ್ಟುವವನ ಕೆಲಸ. ನಾನು ಕೇಳಲಿಲ್ಲ. ಪರೀಕ್ಷೆ ಮಾಡಿ ನೋಡಿದ ಲೆಕ್ಕ ಜೊತೆಗಿದೆ. ಪೆಟ್ಟು ತಿಂದ ಸಾಹೇಬರ ಕ್ಷಮೆ ಕೇಳುತ್ತೇನೆ. ಬಟ್ಟೆ, ಇಳಿಜಾರು, ಎರಡು ಪದರ, ಅದರಲ್ಲಿ ತಪ್ಪಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ."

ಅಡವಿಯಪ್ಪ


ಕೆಂಟ್
12 ಜುಲೈ 2025

ರೀ,

ಓದಿದೆ. ಒಂದು ಪದ ಬಿಡಲಿಲ್ಲ.

ಓದೋಕೆ ಮುಂಚೆ ಹೆಡ್‌ಮಿಸ್ಟ್ರೆಸ್ ಕೇಳಿದರು, "ಇದು ಯಾರು, ಎಂಜಿನಿಯರಾ?" "ಅಲ್ಲ, ನನ್ನ ಗಂಡ. ನಮ್ಮ ಕಡೆ ಮದುವೆ ಮನೆಗೆ ಶಾಮಿಯಾನ ಕಟ್ಟುತ್ತಾರೆ, ಇಪ್ಪತ್ತಾರು ವರ್ಷದಿಂದ" ಅಂದೆ. ಮಾತು ಸಲೀಸಾಗಿ ಬಂತು ಕಣ್ರೀ. ಇಷ್ಟು ವರ್ಷ ಯಾಕೆ ಬರ್ತಿರಲಿಲ್ಲವೋ.

"ಅದಕ್ಕೆ ಕ್ಷಮೆ ಕೇಳುವುದಿಲ್ಲ" ಅನ್ನೋ ಕಡೆ ಕಾಲಿನ್ಸ್ ತಲೆ ಎತ್ತಿದರು. ಈಗ ಮುಗೀತು ಅಂದ್ಕೊಂಡೆ. ಅವರು ಒಂದೇ ಪ್ರಶ್ನೆ ಕೇಳಿದರು, "ನಲವತ್ತು ಕೆಜಿಗೆ ಹನ್ನೊಂದು ನಿಮಿಷವಾ?" ಮೊದಲು ಅವರು ಮರಗೆಲಸದ ಪಾಠ ಮಾಡ್ತಿದ್ದವರಂತೆ. ಒಂದೇ ಕೈಯಲ್ಲಿ ನಿಮ್ಮ ಗಂಟಿನ ಚಿತ್ರ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೇಸಿಯ ನೋಟ್‌ಬುಕ್ ತರಿಸಿದರು. ಎರಡು ದಿನದ ಲೆಕ್ಕ, ಕ್ಲಾಸಿನದು ಒಂದು ಕಡೆ, ಶಾಮಿಯಾನದ್ದು ಒಂದು ಕಡೆ. ಕೊನೇ ಸಾಲಿನಲ್ಲಿ ಅವಳು ಬರೆದಿದ್ದಾಳೆ: "12.10ಕ್ಕೆ ಬಿತ್ತು. ಅಳತೆ ನಿಲ್ಲಿಸಲಾಗಿದೆ. ಕ್ಲಾಸಿಗೆ ವಾಪಸ್ 38.4."

ಹೆಡ್‌ಮಿಸ್ಟ್ರೆಸ್ ಆ ಕೊನೇ ಸಾಲನ್ನ ಎರಡು ಸಲ ಓದಿದರು.

ತೀರ್ಮಾನ ಹೀಗಿದೆ. ಹೇಳದೆ ಕೇಳದೆ ಕಟ್ಟಿದ್ದಕ್ಕೆ ನನಗೆ ಬರವಣಿಗೆಯಲ್ಲಿ ಎಚ್ಚರಿಕೆ. ಖಾಯಂ ಈಗ ಇಲ್ಲ, ಡಿಸೆಂಬರಿಗೆ ಮತ್ತೆ ನೋಡ್ತಾರೆ. ಅಲ್ಲಿವರೆಗೂ ಕೆಲಸ ಇದೆ, ವೀಸಾ ಇದೆ. ಬುಧವಾರದಿಂದ ಮತ್ತೆ ಬಿಸಿಲು ಏರಿತ್ತು, ನಿನ್ನೆ ಮೂವತ್ಮೂರು. ಮೀಟಿಂಗ್ ಮುಗಿದು ಎರಡು ಗಂಟೆಯೊಳಗೆ ಕೀತ್ ಮೈದಾನದಲ್ಲಿ ಕಂಬ ನಿಲ್ಲಿಸಿದರು, ಈ ಸಲ ಆರ್ಡರ್ ಪ್ರಕಾರ. ನಾಲ್ಕು ಸುತ್ತು, ಎರಡು ಬೀಗ. ಮರಳಿನ ಮೂಟೆ ತೂಗು ಹಾಕಿ ಹನ್ನೊಂದು ನಿಮಿಷ ಅಲ್ಲ, ಅರ್ಧ ಗಂಟೆ ನೀರು ಬಿಟ್ಟು ನೋಡಿದ ಮೇಲೆ ಮಕ್ಕಳನ್ನ ಬಿಟ್ಟರು. ಗಡಿಯಾರ ಹಿಡಿದದ್ದು ಕಾಲಿನ್ಸ್. ಗಂಟು ಯಾಕೆ ಜಾರಿತು ಅಂತ ನಾನು ಅದರ ಕೆಳಗೇ ಪಾಠ ಮಾಡಿದೆ, ಘರ್ಷಣೆ ಅನ್ನೋ ಪಾಠ. ಈ ವರ್ಷ ಮಕ್ಕಳು ಆಕಳಿಸದೆ ಕೇಳಿದ ಪಾಠ ಅದೊಂದೇ.

ಎದೆ ಉಬ್ಬಿಸಿಕೊಂಡು ಕೂತ್ಕೊಳ್ಳಿ. ಈ ಸಲ ನಾನೇ ಹೇಳ್ತಿದೀನಿ.

ನಿಮ್ಮ ಶಶಿ


ಗುಬ್ಬಿ
15 ಜುಲೈ 2025

ಶಶೀ,

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. "ಹೊಡೆಸ್ಕೊಂಡೋನೇ ಗಡಿಯಾರ ಹಿಡಿದ್ನಾ? ಒಳ್ಳೆ ಜನ ಬುಡು" ಅಂದಳು. ಆಮೇಲೆ ಸೆರಗಲ್ಲಿ ಕಣ್ಣೊರೆಸ್ಕೊಂಡು ಒಲೆ ಹೊಗೆ ಅಂದಳು. ನಮ್ಮದು ಗ್ಯಾಸು.

ಡಿಸೆಂಬರಿನ ಮಾತು ಡಿಸೆಂಬರಿಗೆ. ಇಲ್ಲಿಯವರೆಗೆ ಯಾರಿಗೆ ಏನು ಸಿಕ್ಕಿತು ಅಂತ ಬರೆದಿಡ್ತೀನಿ.

ಕಾಲಿನ್ಸ್ ಸಾಹೇಬರಿಗೆ ಒಂದು ಭುಜದ ನೋವು, ಇನ್ನೆರಡು ವಾರಕ್ಕೆ ಹೋಗುತ್ತೆ ಅಂತಿಟ್ಟುಕೊಳ್ಳೋಣ. ಕೀತ್‌ಗೆ ಎರಡು ಗಂಟು. ಮೇಸಿಗೆ, ಅವಳು ಬರೆದ ಲೆಕ್ಕವನ್ನ ದೊಡ್ಡವರು ಎರಡು ಸಲ ಓದಿದ್ದು. ಅರವತ್ತು ಮಕ್ಕಳಿಗೆ ಏಳೆಂಟು ಡಿಗ್ರಿ ತಂಪು. ಪುಟ್ಟರಂಗಯ್ಯನಿಗೆ ಆಷಾಢದಲ್ಲೂ ನಾಲ್ಕು ದಿನದ ಕೂಲಿ, ಯಾಕಂದರೆ ಪರೀಕ್ಷೆ ಆದ ಮೇಲೆ ಗೋಡೌನಿನ ಹಗ್ಗವೆಲ್ಲ ಹೊರಗೆ ಹಾಕಿಸಿ ನೋಡಿದೆ. ನಮ್ಮ ಹುಡುಗರು ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕು ಶಾಮಿಯಾನದ ಸೆಟ್ಟಿಗೆ ನನಗೆ ಹೇಳದೆ ಪ್ಲಾಸ್ಟಿಕ್ ಸೇರಿಸಿದ್ದರು. ಅದನ್ನೆಲ್ಲ ಕಿತ್ತು ನಾರು ಹಾಕ್ಸಿದೆ. ಶ್ರಾವಣದ ಮೊದಲ ಮದುವೆ ಹುತ್ರಿದುರ್ಗದಲ್ಲಿ, ಮಳೆ ಗಾಳಿಯ ಕಾಲ. ಆ ಮದುವೆಗೆ ಬರೋ ಐನೂರು ಜನಕ್ಕೆ ಏನು ಸಿಕ್ಕಿತು ಅಂತ ಅವರಿಗೆ ಯಾವತ್ತೂ ಗೊತ್ತಾಗಲ್ಲ.

ನಿನಗೆ ಒಂದು ಎಚ್ಚರಿಕೆ ಪತ್ರ, ಐದು ತಿಂಗಳ ಕೆಲಸ.

ನನಗೆ, ಇಪ್ಪತ್ತಾರು ವರ್ಷದಲ್ಲಿ ಬಿದ್ದ ಚಪ್ಪರ ಒಂದು. ಪರದೇಶದಲ್ಲಿ ನಿಂತ ಚಪ್ಪರ ಒಂದು.

ಅಡವಿಯಪ್ಪ